ಕ್ಯಾಮೆರಾದ ಕಣ್ಣು ಮಂಜಾದರೆ? ಬೆಳಕಿನ ದಾರಿ ಹಿಡಿದು ದೋಷ ಹುಡುಕೋಣ



ನಿಮ್ಮೂರಿನ ಹಾಲಿನ ಡೇರಿ, ದಿನಸಿ ಅಂಗಡಿ, ತೋಟದ ಮನೆ ಮುಂತಾದ ಕಡೆ ಸಿ.ಸಿ. ಟಿ.ವಿ. ಕ್ಯಾಮೆರಾಗಳನ್ನು ನೀವು ನೋಡಿರಬಹುದು. ಹಾಕಿಸಿದ ಹೊಸದರಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ. ಕೆಲವು ತಿಂಗಳು ಕಳೆದ ಮೇಲೆ, "ರಾತ್ರಿ ಏನೂ ಕಾಣೋದಿಲ್ಲ, ಬರೀ ಬೆಳ್ಳಗೆ ಮಂಜು ಕವಿದ ಹಾಗಿದೆ" ಎಂಬ ದೂರು ಶುರುವಾಗುತ್ತದೆ. ಕ್ಯಾಮೆರಾ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಒಂದು ಪ್ರಶ್ನೆ ಕೇಳಬೇಕು. ಬರಬೇಕಾದ ಬೆಳಕು ದಾರಿಯಲ್ಲಿ ಎಲ್ಲಿ ತಡೆದು ನಿಂತಿದೆ?

ಚಿತ್ರ ಸ್ಪಷ್ಟವಾಗಿ ಏಕಿರಬೇಕು?

ನಮ್ಮ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಇದು ಕಳ್ಳರನ್ನು ಹಿಡಿಯುವ ವಿಷಯ ಮಾತ್ರವಲ್ಲ. ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಅವರಲ್ಲಿ ನಿಮ್ಮ ವಯಸ್ಸಿನ ಬಾಲಕನೂ ಒಬ್ಬ. 2023ರ ನವೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನ ಕಾಡಂಚಿನಲ್ಲಿ ಜಾನುವಾರು ಮೇಯಿಸುತ್ತಿದ್ದ ಮಹಿಳೆಯೊಬ್ಬರು ಹುಲಿಗೆ ಬಲಿಯಾದರು. ಆಗ ಅರಣ್ಯ ಇಲಾಖೆ ಬೋನುಗಳ ಜೊತೆಗೆ ಕ್ಯಾಮೆರಾಗಳನ್ನೂ ಇಟ್ಟು ಪ್ರಾಣಿಯ ಜಾಡು ಹುಡುಕಿತು.

ಚಿರತೆಯ ಚುಕ್ಕೆ, ಹುಲಿಯ ಪಟ್ಟೆ ನಮ್ಮ ಬೆರಳಚ್ಚಿನ ಹಾಗೆ. ಒಂದರದು ಇನ್ನೊಂದಕ್ಕೆ ಇರುವುದಿಲ್ಲ. 1990ರ ದಶಕದಲ್ಲಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು, ಪಟ್ಟೆಗಳನ್ನು ಹೋಲಿಸಿ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಿದ್ದು ಇದೇ ಆಧಾರದ ಮೇಲೆ.

ಈಗ ಯೋಚಿಸಿ. ರಾತ್ರಿ ಮನೆಯ ಕ್ಯಾಮೆರಾದ ಮುಂದೆ ನಾಲ್ಕು ಕಾಲಿನ ಆಕಾರವೊಂದು ಹಾದುಹೋಗಿದೆ. ಅದು ನಾಯಿಯೋ ಚಿರತೆಯೋ? ಚಿರತೆಯನ್ನು ನಾಯಿ ಎಂದುಕೊಂಡರೆ ಅಪಾಯ. ನಾಯಿಯನ್ನು ಚಿರತೆ ಎಂದುಕೊಂಡರೆ ಊರಿಗೆಲ್ಲ ವೃಥಾ ಭಯ.

ಬೆಳಕು ಸಾಗುವ ದಾರಿ

ಬೆಳಕಿನ ಆಕರದಿಂದ ಹೊರಟ ಬೆಳಕು ವಸ್ತುವಿನ ಮೇಲೆ ಬಿದ್ದು ಪ್ರತಿಫಲಿಸುತ್ತದೆ. ಕ್ಯಾಮೆರಾದ ಮುಂದಿನ ಗಾಜನ್ನು ದಾಟಿ ಮಸೂರದ ಮೂಲಕ ಒಳಗಿನ ಸಂವೇದಕದ ಮೇಲೆ ಬೀಳುತ್ತದೆ. ಅಲ್ಲಿ ಅದು ವಿದ್ಯುತ್ ಸಂಕೇತವಾಗಿ, ತಂತಿಯಲ್ಲಿ ಸಾಗಿ, ರೆಕಾರ್ಡರ್ ತಲುಪಿ, ಕೊನೆಗೆ ಪರದೆಯ ಮೇಲೆ ಚಿತ್ರವಾಗುತ್ತದೆ. ಈ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಹೆಜ್ಜೆ ಪರೀಕ್ಷಿಸಿದರೆ ದೋಷ ಸಿಗುತ್ತದೆ.

ಹಾಗಾದರೆ ಕತ್ತಲಲ್ಲಿ ಬೆಳಕಿನ ಆಕರ ಯಾವುದು? ಕ್ಯಾಮೆರಾದ ಮಸೂರದ ಸುತ್ತ ಇರುವ ಪುಟ್ಟ ಎಲ್.ಇ.ಡಿ. ದೀಪಗಳು. ಅವು ಅವಕೆಂಪು ಕಿರಣಗಳನ್ನು ಸೂಸುತ್ತವೆ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ವಿಜ್ಞಾನಿ ಪಟ್ಟಕದಿಂದ ಬಂದ ಬಣ್ಣಗಳ ಸಾಲಿನಲ್ಲಿ ಕೆಂಪು ಬಣ್ಣದ ಆಚೆ ಉಷ್ಣತಾಮಾಪಕವನ್ನಿಟ್ಟರು. ಅಲ್ಲಿ ಬೆಳಕು ಕಾಣದಿದ್ದರೂ ಉಷ್ಣತೆ ಏರಿತು! ಆ ಕಾಣದ ಕಿರಣಗಳೇ ಅವಕೆಂಪು ಕಿರಣಗಳು. ನಮ್ಮ ಕಣ್ಣಿಗೆ ಕಾಣದ ಇವು ಕ್ಯಾಮೆರಾದ ಸಂವೇದಕಕ್ಕೆ ಕಾಣುತ್ತವೆ. ಈ ಬೆಳಕಿನಲ್ಲಿ ಬಣ್ಣಗಳ ವ್ಯತ್ಯಾಸ ತಿಳಿಯದ ಕಾರಣ ಚಿತ್ರ ಕಪ್ಪು ಬಿಳುಪಾಗಿರುತ್ತದೆ.

ಮಾಡಿ ನೋಡಿ – 1

ಟಿ.ವಿ. ರಿಮೋಟ್‌ನ ತುದಿಯನ್ನು ಮೊಬೈಲ್ ಕ್ಯಾಮೆರಾದ ಕಡೆ ತಿರುಗಿಸಿ ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಕಾಣದು. ಮೊಬೈಲ್ ಪರದೆಯಲ್ಲಿ ಹೊಳಪು ಕಾಣುತ್ತದೆ. ಕಾಣದಿದ್ದರೆ ಮೊಬೈಲ್‌ನ ಮುಂಬದಿಯ ಕ್ಯಾಮೆರಾದಲ್ಲಿ ನೋಡಿ. ಕೆಲವು ಕ್ಯಾಮೆರಾಗಳಲ್ಲಿ ಅವಕೆಂಪು ಕಿರಣವನ್ನು ತಡೆಯುವ ಶೋಧಕ ಇರುತ್ತದೆ.

ಮಾಡಿ ನೋಡಿ – 2

ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಸವರಿ. ಕತ್ತಲೆ ಕೋಣೆಯಲ್ಲಿ ಹಾಳೆಯನ್ನು ಕಣ್ಣ ಮುಂದೆ ಹಿಡಿಯಿರಿ. ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಹಾಳೆಯ ಮೂಲಕ ಗೋಡೆಗೆ ಬೆಳಕು ಬಿಡಿ. ಪುಡಿಯೇ ಹೊಳೆದು ಗೋಡೆ ಮಸುಕಾಗುತ್ತದೆ. ಈಗ ಗೆಳೆಯನೊಬ್ಬ ಪಕ್ಕದಲ್ಲಿ ನಿಂತು, ಹಾಳೆಗೆ ತಾಗದಂತೆ ನೇರವಾಗಿ ಗೋಡೆಗೆ ಟಾರ್ಚ್ ಬಿಡಲಿ. ಅದೇ ಹಾಳೆಯ ಮೂಲಕ ಗೋಡೆ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ.

ಇದರಿಂದ ಏನು ತಿಳಿಯಿತು? ಹಗಲಿನಲ್ಲಿ ಬೆಳಕು ಹೊರಗಿನಿಂದ ಬರುತ್ತದೆ. ರಾತ್ರಿ ದೀಪವೂ ಕಣ್ಣೂ ಅಕ್ಕಪಕ್ಕದಲ್ಲೇ ಇರುತ್ತವೆ. ಆದ್ದರಿಂದ ಗಾಜಿನ ಮೇಲಿನ ಧೂಳು, ಇಬ್ಬನಿ ಅಥವಾ ಜೇಡರ ಬಲೆಗೆ ತಾಗಿದ ಕಿರಣ ನೇರವಾಗಿ ಮಸೂರಕ್ಕೇ ಮರಳುತ್ತದೆ. ಹಗಲಿನಲ್ಲಿ ಗಮನಕ್ಕೇ ಬಾರದ ಧೂಳು ರಾತ್ರಿ "ಬಿಳಿ ಮಂಜು" ಆಗುವುದು ಹೀಗೆ. ಕಪಿಲಾ, ಕಾವೇರಿ ನದಿಗಳ ಬದಿಯ ಊರುಗಳಲ್ಲಿ ಮಾಗಿಯ ಮುಂಜಾನೆ ಇಬ್ಬನಿಯೂ ಸೇರಿಕೊಳ್ಳುತ್ತದೆ.

ದೋಷದ ಸುಳಿವುಗಳು

1. ಹಗಲು ಚೆನ್ನಾಗಿದ್ದು ರಾತ್ರಿ ಮಾತ್ರ ಮಂಜಾದರೆ: ಧೂಳು, ಜೇಡರ ಬಲೆ, ಇಬ್ಬನಿ ಇದೆಯೇ ನೋಡಬೇಕು. ತೀರಾ ಹತ್ತಿರದಲ್ಲಿ ಸುಣ್ಣದ ಗೋಡೆ, ಸೂರಿನ ಅಂಚು ಅಥವಾ ಎಲೆ ಇದ್ದರೂ ಕಿರಣ ಹಿಂದಿರುಗುತ್ತದೆ.

2. ಹಗಲೂ ರಾತ್ರಿಯೂ ಮಸುಕಾದರೆ: ಗಾಜು ಕೊಳೆಯಾಗಿರಬಹುದು ಇಲ್ಲವೇ ಮಸೂರದ ಸಂಗಮ ತಪ್ಪಿರಬಹುದು. ಹೊರಗೆ ಒರೆಸಿದರೂ ತೇವ ಹೋಗದಿದ್ದರೆ ಅದು ಗಾಜಿನ ಒಳಗಿದೆ ಎಂದರ್ಥ, ರಿಪೇರಿಯವರಿಗೆ ತೋರಿಸಬೇಕು.

3. ಬೆಳಿಗ್ಗೆ ಅಥವಾ ಸಂಜೆ ಮಾತ್ರ ಕೆಟ್ಟರೆ: ಸೂರ್ಯನ ಬೆಳಕು ನೇರ ಮಸೂರಕ್ಕೆ ಬೀಳುತ್ತಿದೆ. ಮೂಡಲ ಅಥವಾ ಪಡುವಲ ದಿಕ್ಕಿನಿಂದ ಕ್ಯಾಮೆರಾವನ್ನು ಸ್ವಲ್ಪ ತಿರುಗಿಸಿದರೆ ಸಾಕು.

4. ಚಿತ್ರ ಮಿನುಗಿದರೆ, ಗೆರೆಗಳು ಓಡಿದರೆ: ತಂತಿಯ ಜೋಡಣೆ ಸಡಿಲವಾಗಿರಬಹುದು ಅಥವಾ ವಿದ್ಯುತ್ ಸಾಲದಿರಬಹುದು. ರಾತ್ರಿ ಎಲ್.ಇ.ಡಿ. ಹೊತ್ತಿದಾಗ ಹೆಚ್ಚು ವಿದ್ಯುತ್ ಬೇಕು. ಉದ್ದವಾದ ತೆಳು ತಂತಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ.

5. ನೇರವಾಗಿ ನೋಡುವಾಗ ಚೆನ್ನಾಗಿದ್ದು ರೆಕಾರ್ಡಿಂಗ್ ಮಾತ್ರ ಒಡೆದಂತಿದ್ದರೆ: ಜಾಗ ಉಳಿಸಲು ರೆಕಾರ್ಡರ್ ಚಿತ್ರವನ್ನು ವಿಪರೀತ ಕುಗ್ಗಿಸುತ್ತಿದೆ. ಕ್ಯಾಮೆರಾದ್ದು ತಪ್ಪಿಲ್ಲ.

ಒಂದು ನಿಯಮ ನೆನಪಿರಲಿ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಚಿತ್ರ ನೋಡಿ, ಬರೆದಿಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ವಿಜ್ಞಾನಿಗಳು ಪ್ರಯೋಗ ಮಾಡುವುದೂ ಹೀಗೆಯೇ.

ದೋಷವಲ್ಲ, ದೂರ!

ಎಲ್ಲ ಸರಿಯಿದ್ದರೂ ದೂರದ್ದು ಸ್ಪಷ್ಟವಾಗದು. ಲೆಕ್ಕ ಮಾಡೋಣ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಸಾಮಾನ್ಯವಾಗಿ ಅಡ್ಡಲಾಗಿ 1920, ಮೇಲಿನಿಂದ ಕೆಳಕ್ಕೆ 1080 ಬಿಂದುಗಳಿರುತ್ತವೆ. ಗುಣಿಸಿದರೆ 20,73,600 ಬಿಂದುಗಳು. ಚಿತ್ರದಲ್ಲಿ 10 ಮೀಟರ್ ಅಗಲದ ಅಂಗಳವಿದ್ದರೆ ಪ್ರತಿ ಸೆಂಟಿಮೀಟರ್‌ಗೆ ಸುಮಾರು 2 ಬಿಂದುಗಳು ಸಿಗುತ್ತವೆ. 40 ಮೀಟರ್ ಅಗಲದ ಕಬ್ಬಿನ ಗದ್ದೆಯಾದರೆ ಒಂದೇ ಬಿಂದು ಸುಮಾರು 2 ಸೆಂಟಿಮೀಟರನ್ನು ಆವರಿಸುತ್ತದೆ. ಕೆಲವೇ ಸೆಂಟಿಮೀಟರ್ ಅಗಲದ ಚಿರತೆಯ ಚುಕ್ಕೆಗೆ ಸಿಗುವುದು ಒಂದೆರಡು ಬಿಂದು ಮಾತ್ರ!

ಬೆಳಕೂ ಕಡಿಮೆಯಾಗುತ್ತದೆ. 5 ಮೀಟರ್ ದೂರದ ಗೋಡೆಗೆ ಬೀಳುವ ಬೆಳಕಿಗಿಂತ 10 ಮೀಟರ್ ದೂರದ ಗೋಡೆಗೆ ಬೀಳುವುದು ನಾಲ್ಕನೇ ಒಂದು ಭಾಗ, 20 ಮೀಟರ್ ದೂರದ್ದಕ್ಕೆ ಹದಿನಾರನೇ ಒಂದು ಭಾಗ. ಬೆಳಕು ಸಾಲದಾಗ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಸಂಗ್ರಹಿಸುತ್ತದೆ. ಅಷ್ಟರಲ್ಲಿ ಓಡುವ ಪ್ರಾಣಿಯ ಚಿತ್ರ ಉಜ್ಜಿದಂತೆ ಅಳಿಸಿಹೋಗುತ್ತದೆ. ಆದ್ದರಿಂದ ಇಡೀ ಗದ್ದೆಯ ಕಡೆಗಿಂತ ಕೊಟ್ಟಿಗೆ ಬಾಗಿಲು ಅಥವಾ ಮನೆಯ ಗೇಟಿನ ಕಡೆ ಕ್ಯಾಮೆರಾ ತಿರುಗಿಸುವುದು, ಅಲ್ಲೊಂದು ದೀಪ ಹಾಕುವುದು ಒಳ್ಳೆಯದು.

ಎಚ್ಚರಿಕೆ

ನೀವು ಏಣಿ ಹತ್ತಬೇಡಿ, ತಂತಿ ಮುಟ್ಟಬೇಡಿ. ದೋಷ ಗುರುತಿಸುವ ಕೆಲಸ ನಿಮ್ಮದು, ಸರಿಪಡಿಸುವುದು ದೊಡ್ಡವರದು. ಸ್ವಿಚ್ ಆರಿಸಿ, ಮೊದಲು ಮೆತ್ತನೆಯ ಕುಂಚದಿಂದ ಧೂಳು ಕೊಡವಿ, ಬಳಿಕ ತುಸು ಒದ್ದೆಯಾದ ಹತ್ತಿಬಟ್ಟೆಯಿಂದ ಒರೆಸಲು ಅವರಿಗೆ ಹೇಳಿ. ಒಣ ಧೂಳನ್ನು ಉಜ್ಜಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ. ಚಿತ್ರದಲ್ಲಿ ಚಿರತೆ ಕಂಡರೆ ಹೊರಗೆ ಹೋಗಿ ನೋಡಬೇಡಿ. ದೊಡ್ಡವರಿಗೆ ತಿಳಿಸಿ, ಅವರು ಅರಣ್ಯ ಇಲಾಖೆಗೆ ತಿಳಿಸಲಿ, ತುರ್ತು ಇದ್ದರೆ 112ಕ್ಕೆ ಕರೆ ಮಾಡಲಿ.

ಯೋಚಿಸಿ ಉತ್ತರಿಸಿ

1. ಜೇಡರ ಬಲೆ ಹಗಲಿಗಿಂತ ರಾತ್ರಿಯ ಚಿತ್ರದಲ್ಲಿ ಹೆಚ್ಚು ಬೆಳ್ಳಗೆ ಕಾಣುವುದೇಕೆ?
2. 20 ಮೀಟರ್ ಅಗಲದ ಅಂಗಳ ತೋರಿಸುವ 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದು ಸೆಂಟಿಮೀಟರ್‌ಗೆ ಸುಮಾರು ಎಷ್ಟು ಬಿಂದು ಸಿಗುತ್ತದೆ?
3. ನಿಮ್ಮೂರಿನ ಒಂದು ಕ್ಯಾಮೆರಾದ ಹಗಲು ಮತ್ತು ರಾತ್ರಿಯ ಚಿತ್ರಗಳನ್ನು ಅದರ ಮಾಲೀಕರ ಅನುಮತಿ ಪಡೆದು ಹೋಲಿಸಿ. ದೋಷವಿದ್ದರೆ ಬೆಳಕಿನ ದಾರಿಯಲ್ಲಿ ಅದು ಎಲ್ಲಿದೆ ಎಂದು ತರಗತಿಯಲ್ಲಿ ಚರ್ಚಿಸಿ.