ಪರದೆಯ ಚುಕ್ಕೆಗಳೂ ನಮ್ಮ ಅಕ್ಷರಗಳೂ



ಕಳೆದ ವರ್ಷ ನಮ್ಮ ವಾಚನಾಲಯದ ಫಲಕಕ್ಕೆಂದು ಒಂದು ಸೂಚನೆಯನ್ನು ನಾನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ್ದೆ. ಬಡ ವಿದ್ಯಾರ್ಥಿಗಳಿಗೆ ‘ಧನಸಹಾಯ’ ಎಂದಿರಬೇಕಾದಲ್ಲಿ ‘ದನಸಹಾಯ’ ಎಂದಾಗಿತ್ತು. ಓದಿದವರು ನಕ್ಕರು, ನಾನೂ ನಕ್ಕೆ. ಕೆಲವು ದಿನಗಳ ತರುವಾಯ, ಅಂತಹದೇ ಹಳೆಯ ಪರದೆಯೊಂದನ್ನು ನೋಡಿ ನಿವೃತ್ತ ಕೆಲಸಗಾರರೊಬ್ಬರ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಬರೆದುಕೊಳ್ಳುವಾಗ 3 ಎಂಬುದನ್ನು 8 ಎಂದು ಓದಿದೆ. ಅವರ ಭವಿಷ್ಯನಿಧಿಯ ಹಣ ಕೈಸೇರಲು ಎರಡು ತಿಂಗಳು ತಡವಾಯಿತು. ಆಗ ಯಾರಿಗೂ ನಗು ಬರಲಿಲ್ಲ. ತಪ್ಪು ನನ್ನದೇ ಸರಿ. ಆದರೆ ಕಣ್ಣು ಮೋಸಹೋದುದೇಕೆ ಎಂದು ತಿಳಿಯಹೊರಟಾಗ ಕಲಿತುದನ್ನು ಇಲ್ಲಿ ಬರೆದಿದ್ದೇನೆ.

ಚುಕ್ಕೆ ಎಂದರೇನು?

ಪರದೆಯ ಮೇಲೆ ಕಾಣುವುದೆಲ್ಲವೂ ಚುಕ್ಕೆಗಳ ರಂಗೋಲಿ. ಈ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಗಿರಣಿಯಲ್ಲಿ ಬಟ್ಟೆಯ ನಯವನ್ನು ಅಂಗುಲಕ್ಕೆ ಎಷ್ಟು ಎಳೆ ಎಂದು ಎಣಿಸುತ್ತೇವಷ್ಟೆ? ಪರದೆಯ ನಯವನ್ನು ಅಂಗುಲಕ್ಕೆ ಎಷ್ಟು ಚುಕ್ಕೆ ಎಂದು ಎಣಿಸತಕ್ಕದ್ದು. ಒಟ್ಟು ಚುಕ್ಕೆಗಳು ಅಷ್ಟೇ ಇದ್ದರೆ, ಪರದೆ ಅಗಲವಾದಷ್ಟೂ ನೇಯ್ಗೆ ಸಡಿಲವಾಗುತ್ತದೆ.

ಬೆಳೆದು ಬಂದ ಬಗೆ

ನಮ್ಮ ಊರಿನ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸ ಆರಂಭಿಸಿದ ಟಿಫ್ರ್ಯಾಕ್ ಕಂಪ್ಯೂಟರಿಗೆ ಗಾಜಿನ ಕೊಳವೆಯ ಪರದೆಯೊಂದಿತ್ತು. ರೇಖಾಚಿತ್ರಗಳನ್ನೂ ಅಂಕಿ-ಅಕ್ಷರಗಳನ್ನೂ ಅದು ತೋರಿಸುತ್ತಿತ್ತು. 1987ರಲ್ಲಿ ಬಂದ ವಿಜಿಎ ಪದ್ಧತಿಯಲ್ಲಿ ಅಡ್ಡಕ್ಕೆ 640, ಉದ್ದಕ್ಕೆ 480, ಒಟ್ಟು 3,07,200 ಚುಕ್ಕೆಗಳು. ಈಗ ಅನೇಕ ಕಚೇರಿಗಳಲ್ಲಿರುವ ಫುಲ್ ಎಚ್‌ಡಿ ಪರದೆಯಲ್ಲಿ 20,73,600. 4ಕೆ ಎಂಬುದರಲ್ಲಿ ಅದರ ನಾಲ್ಕು ಪಾಲು, 82,94,400. 2017ರಲ್ಲಿ ಡೆಲ್ ಕಂಪನಿಯು ಮಾರಾಟಕ್ಕೆ ತಂದ 8ಕೆ ಪರದೆಯಲ್ಲಿ 3,31,77,600 ಚುಕ್ಕೆಗಳು. ಅಂಗುಲಕ್ಕೆ ಸುಮಾರು 280.

ಇದು ಸುಲಭದ ಕೆಲಸವಲ್ಲ. ಒಂದೊಂದು ಚುಕ್ಕೆಯಲ್ಲಿಯೂ ಕೆಂಪು, ಹಸಿರು, ನೀಲಿ ಎಂದು ಮೂರು ಭಾಗಗಳುಂಟು. ದ್ರವಸ್ಫಟಿಕದ ಪರದೆಯಲ್ಲಿ ಪ್ರತಿ ಭಾಗಕ್ಕೂ ಒಂದು ಟ್ರಾನ್ಸಿಸ್ಟರ್ ಬೇಕು. ಹಾಗಾದರೆ 8ಕೆ ಪರದೆಗೆ ಹತ್ತಿರ ಹತ್ತಿರ ಹತ್ತು ಕೋಟಿ! ಟ್ರಾನ್ಸಿಸ್ಟರ್ ದಪ್ಪವಾದರೆ ಬೆಳಕಿಗೆ ದಾರಿಯಿಲ್ಲ. ಅದನ್ನು ಕಿರಿದುಮಾಡಿದ್ದೇ ಇದರಲ್ಲಿ ದೊಡ್ಡ ಸಾಧನೆ. ಇಷ್ಟು ಚುಕ್ಕೆಗಳಿಗೆ ಸುದ್ದಿ ಮುಟ್ಟಿಸಲು ಒಂದು ಕೇಬಲ್ ಸಾಲದೆ, ಆ ಡೆಲ್ ಪರದೆಗೆ ಎರಡನ್ನು ಜೋಡಿಸಬೇಕಾಯಿತು.

ಕನ್ನಡಕ್ಕೇನು ಪ್ರಯೋಜನ?

ಇಪ್ಪತ್ನಾಲ್ಕು ಅಂಗುಲದ ಫುಲ್ ಎಚ್‌ಡಿ ಪರದೆಯಲ್ಲಿ ಅಂಗುಲಕ್ಕೆ ಸುಮಾರು 92 ಚುಕ್ಕೆಗಳು. ಒಂದು ಸಾಲಿಗೆ ಅಂಗುಲದ ಆರನೆಯ ಒಂದು ಪಾಲು ಎತ್ತರ ಕೊಟ್ಟರೆ ಸಿಗುವುದು ಹದಿನೈದೇ ಚುಕ್ಕೆ. ಅಷ್ಟರಲ್ಲಿಯೇ ತಲೆಕಟ್ಟು, ಗುಡಿಸು, ಅಕ್ಷರ, ಕೆಳಗೆ ಒತ್ತು, ಎಲ್ಲವೂ ಇರಬೇಕು. ನಮ್ಮದು ಮಾಳಿಗೆ ಮನೆಯಂತಹ ಲಿಪಿ. ‘ಧ’ಕಾರದ ಹೊಟ್ಟೆ ಸೀಳುವ ಗೀಟಿಗೆ ಉಳಿಯುವುದು ಒಂದೋ ಎರಡೋ ಚುಕ್ಕೆ. ಅದು ಮಸುಕಾದರೆ ಧನ ಹೋಗಿ ದನ ಬರುತ್ತದೆ. ಅದೇ ಅಳತೆಯ 4ಕೆ ಪರದೆಯಲ್ಲಾದರೆ ಮೂವತ್ತು ಚುಕ್ಕೆಗಳು ದೊರೆತು, ಸೀಳು ಸ್ಪಷ್ಟವಾಗಿ ಕಾಣುತ್ತದೆ.

ಎಷ್ಟಿದ್ದರೆ ಸಾಕು?

ಎರಡು ಅಡಿ ದೂರದಲ್ಲಿ ಕುಳಿತರೆ, ಅಂಗುಲಕ್ಕೆ ಸುಮಾರು 145 ಚುಕ್ಕೆಗಳನ್ನು ಮೀರಿದ ನಯವನ್ನು ಸಾಮಾನ್ಯ ಕಣ್ಣು ಗುರುತಿಸುವುದು ಕಷ್ಟ. ಇಪ್ಪತ್ತೇಳು ಅಂಗುಲದ 4ಕೆ ಪರದೆಯಲ್ಲಿ ಸುಮಾರು 163 ಇವೆ. ಆದುದರಿಂದ ಗುಮಾಸ್ತನ ಕೆಲಸಕ್ಕೆ 8ಕೆ ಬೇಕಾಗಿಲ್ಲ. ಸಾಲ ಮಾಡಿ ಕೊಳ್ಳುವುದಂತೂ ಬೇಡವೇ ಬೇಡ. ಕನ್ನಡಕ ಬೇಕಾದ ಕಣ್ಣಿಗೆ ಯಾವ ಪರದೆಯೂ ಕನ್ನಡಕವಾಗದು ಎಂಬುದನ್ನೂ ನೆನಪಿಡಿ.

ಮಾಡಿ ನೋಡಿ

1. ಪರದೆಯ ಬಿಳಿಯ ಭಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಮಾಯವಾಗಿ ಮೂರು ಬಣ್ಣಗಳು ಕಾಣುವವು.

2. ಪರದೆ ಕೊಳ್ಳುವಾಗ ಅಂಗುಲ ಎಷ್ಟು, ಚುಕ್ಕೆ ಎಷ್ಟು ಎಂದು ಎರಡನ್ನೂ ಕೇಳಿ. ಅಂಗಡಿಯಲ್ಲಿಯೇ ಧ, ದ, ಫ, ಪ, 3, 8 ಇವನ್ನು ಚಿಕ್ಕದಾಗಿ ಬರೆಯಿಸಿ ನೋಡಿ.

3. ಹಳೆಯ ಪರದೆಯೇ ಇದ್ದರೆ ಅಕ್ಷರದ ಗಾತ್ರವನ್ನು ಹೆಚ್ಚಿಸಿ. ಇದಕ್ಕೆ ಕಾಸಿನ ಖರ್ಚಿಲ್ಲ.

4. ಹಣದ ಅಂಕಿಯನ್ನು ಒಮ್ಮೆ ಓದಿ ಬಿಡಬೇಡಿ. ಪಕ್ಕದವರಿಂದ ಗಟ್ಟಿಯಾಗಿ ಓದಿಸಿ ತಾಳೆ ನೋಡಿ. ನಾನು ಈಗ ಹಾಗೆಯೇ ಮಾಡುತ್ತಿದ್ದೇನೆ.