ವಿದ್ಯುತ್ ಕಾರಿಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ: ಆಯ್ಕೆಯ ಲೆಕ್ಕಾಚಾರ

ಪೆಟ್ರೋಲ್ ಕಾರನ್ನು ವಿದ್ಯುತ್ ಕಾರಾಗಿ ಮಾರ್ಪಡಿಸುವಾಗ ಬಂಡವಾಳದ ದೊಡ್ಡ ಪಾಲು ಬ್ಯಾಟರಿಗೇ ವ್ಯಯವಾಗುತ್ತದೆ. ಆದ್ದರಿಂದ ದರಪಟ್ಟಿಯೊಂದನ್ನೇ ನೋಡಿ ಖರೀದಿಸುವುದು ಹಿತಕರವಲ್ಲ.

ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಒಂದರ ಸಾಮಾನ್ಯ ವೋಲ್ಟೇಜು 3.2. ಇಂತಹ 100 ಆಂಪಿಯರ್-ಅವರ್ ಸಾಮರ್ಥ್ಯದ 30 ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 96 ವೋಲ್ಟ್ ದೊರೆತು, 9.6 ಯೂನಿಟ್ ವಿದ್ಯುತ್ ಸಂಗ್ರಹವಾಗುತ್ತದೆ. ಕಿಲೋಮೀಟರಿಗೆ 120 ವ್ಯಾಟ್-ಅವರ್ ಬೇಡುವ ಸಣ್ಣ ಕಾರು ಇದರ ಶೇ. 80 ಭಾಗದಲ್ಲಿ 64 ಕಿ.ಮೀ. ಚಲಿಸಬಲ್ಲದು.

ಸಂಗ್ರಹದಷ್ಟೇ ಮುಖ್ಯವಾದುದು ವಿದ್ಯುತ್ ಪ್ರವಾಹ. 20 ಕಿಲೋವ್ಯಾಟ್ ಮೋಟಾರು ಪೂರ್ಣ ಬಲದಲ್ಲಿ 200 ಆಂಪಿಯರಿಗೂ ಅಧಿಕ ಪ್ರವಾಹವನ್ನು ಸೆಳೆಯುತ್ತದೆ. ಸೌರ ವಿದ್ಯುತ್ ಸಂಗ್ರಹಕ್ಕೆಂದು ತಯಾರಾದ ಅನೇಕ ಸೆಲ್‌ಗಳು ಇದನ್ನು ತಾಳಲಾರವು.

ಸರಣಿಯಲ್ಲಿ ಒಂದು ಸೆಲ್ ದುರ್ಬಲವಾದರೂ ಇಡೀ ಬ್ಯಾಟರಿಯ ಸಾಮರ್ಥ್ಯ ಅದರ ಮಟ್ಟಕ್ಕೆ ಇಳಿಯುತ್ತದೆ. ಆದುದರಿಂದ ಸಾಮರ್ಥ್ಯ ಹಾಗೂ ಆಂತರಿಕ ರೋಧ ಪರಸ್ಪರ ಹೊಂದುವ, ಒಂದೇ ಬ್ಯಾಚಿನ ಸೆಲ್‌ಗಳನ್ನು ಪರೀಕ್ಷಾ ವರದಿಯೊಡನೆ ಪಡೆಯತಕ್ಕದ್ದು. ಪ್ರತಿ ಸೆಲ್ಲೂ 3.65 ವೋಲ್ಟ್ ಮೀರದಂತೆ, 2.5 ವೋಲ್ಟಿಗಿಂತ ಕುಸಿಯದಂತೆ ಕಾಯುವ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ ಅನಿವಾರ್ಯ.

ಭಾರತದಲ್ಲಿ ಮಾರ್ಪಾಡು ಕಿಟ್‌ಗಳಿಗೆ ಎ.ಐ.ಎಸ್. 123 ಮಾನದಂಡ ಅನ್ವಯಿಸುತ್ತದೆ. ಬ್ಯಾಟರಿಗೆ ಮುಂಗಡ ನೀಡುವ ಮುನ್ನವೇ ಕಿಟ್‌ನ ಅನುಮೋದನಾ ಪತ್ರವನ್ನು ಪರಿಶೀಲಿಸುವುದು ಉದ್ಯಮಿಗಳಿಗೆ ಕ್ಷೇಮಕರ.