ಅಜ್ಜಿಯ ಅವ್ವನ ಹೆಸರು ಯಾವ ರಜಿಸ್ಟರ್‌ನ್ಯಾಗ ಐತಿ?

ಗೋಕುಲ ರಸ್ತೆಯ ಲೇಔಟ್‌ಗಳಲ್ಲಿ ಮನೆ ಮಾಡಿಕೊಂಡವರಲ್ಲಿ ಬಹಳ ಮಂದಿಯ ಮೂಲ ಊರು ಬೇರೆ. ನವಲಗುಂದ, ಕುಂದಗೋಳ, ಸವದತ್ತಿ, ಗದಗ ಕಡೆಯಿಂದ ಒಂದೆರಡು ತಲೆಮಾರಿನ ಹಿಂದೆ ಬಂದವರು. "ನಿಮ್ಮ ಅಜ್ಜನ ಅಪ್ಪನ ಹೆಸರೇನು?" ಅಂತ ಗೆಳೆಯರನ್ನ ಕೇಳಿ ನೋಡ್ರಿ, ಕೆಲವರಾದರೂ ಹೇಳ್ತಾರೆ. "ಅಜ್ಜಿಯ ಅವ್ವನ ಹೆಸರು?" ಅಂದ್ರೆ ಹೆಚ್ಚಿನವರು ಸುಮ್ಮನಾಗ್ತಾರೆ. ಎರಡನ್ನೂ ಹುಡುಕೋದು ಹೇಗೆ ಅಂತ ಈಗ ನೋಡೋಣ.

ಜನಗಣತಿಯಿಂದ ಆಗೋದಿಲ್ಲ

ಐರ್ಲೆಂಡ್‌ನವರು ಪೂರ್ವಜರನ್ನು ಹುಡುಕಲು ಮೊದಲು ತೆಗೆಯುವುದು 1901 ಮತ್ತು 1911ರ ಜನಗಣತಿ. ಪ್ರತಿ ಮನೆಯ ಫಾರ್ಮ್ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದಕ್ಕಿಂತ ಹಿಂದಿನ ಗಣತಿಯ ಕಾಗದಗಳಲ್ಲಿ ಬಹುಪಾಲು ಉಳಿದಿಲ್ಲ. 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿಗೆ ಬೆಂಕಿ ಬಿದ್ದಾಗ ಬಹಳಷ್ಟು ಸುಟ್ಟುಹೋದವು. ಆಗ ಅವರು ಮದುವೆ ರಜಿಸ್ಟರ್ ಹಿಡಿಯುತ್ತಾರೆ. 1864ರಿಂದ ಅಲ್ಲಿ ಎಲ್ಲ ಮದುವೆಗಳೂ ದಾಖಲಾಗಿವೆ. ವರನ ತಂದೆಯ ಹೆಸರಿನ ಜೊತೆ ವಧುವಿನ ತಂದೆಯ ಹೆಸರೂ ಇರುತ್ತದೆ.

ನಮ್ಮಲ್ಲಿ ಜನಗಣತಿ 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ನಡೆಯಿತು. ಆದರೆ ಹೊರಗೆ ಬರುವುದು ಅಂಕಿಸಂಖ್ಯೆ ಮಾತ್ರ. ಮನೆಮನೆಯ ಮಾಹಿತಿಯನ್ನು 1948ರ ಜನಗಣತಿ ಕಾಯ್ದೆ ಗೋಪ್ಯವಾಗಿ ಇಡುತ್ತದೆ. ಹಾಗಾಗಿ ನಮ್ಮ ದಾರಿ ಬೇರೆ.

ಉತಾರ ಓದೋದು

ಊರಲ್ಲಿ ಹೊಲ ಇದ್ದವರು ಉತಾರದಿಂದ ಶುರು ಮಾಡಬೇಕು. ಸರ್ವೆ ನಂಬರ್ ಗೊತ್ತಿದ್ದರೆ ಈಗಿನ ಉತಾರ ಆನ್‌ಲೈನ್‌ನಲ್ಲೇ ಸಿಗುತ್ತದೆ. ಅದರಲ್ಲಿ ಮಾಲೀಕರ ಹೆಸರಿನ ಪಕ್ಕ ಹೊಲ ಅವರಿಗೆ ಹೇಗೆ ಬಂತು ಅನ್ನೋದಕ್ಕೆ ಮ್ಯುಟೇಶನ್ ನಂಬರ್ ಇರುತ್ತದೆ. ಆ ನಂಬರ್ ಹಿಡಿದು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಎಂಟ್ರಿಯ ನಕಲಿಗೆ ಅರ್ಜಿ ಹಾಕಬೇಕು. ಆ ಎಂಟ್ರಿ ಅದಕ್ಕಿಂತ ಹಿಂದಿನ ಮಾಲೀಕರನ್ನು ತೋರಿಸುತ್ತದೆ. ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಹೇಳಬೇಕಂದ್ರೆ, ಇದೊಂದು ಲಿಂಕ್ಡ್ ಲಿಸ್ಟ್. ಧಾರವಾಡ ಜಿಲ್ಲೆ ಇದ್ದ ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದಿದ್ದು 1903ರಲ್ಲಿ. ಹಾಗಾಗಿ ಕಾಗದ ಉಳಿದಿದ್ದರೆ ಸುಮಾರು ನೂರು ವರ್ಷ ಹಿಂದೆ ಹೋಗಬಹುದು.

ಓದುವಾಗ ಮೂರು ಪದ ನೆನಪಿರಲಿ. 'ವಾರಸಾ' ಅಂದ್ರೆ ಮಾಲೀಕ ತೀರಿಕೊಂಡು ಹೊಲ ವಾರಸುದಾರರಿಗೆ ಬಂದಿದೆ. 'ಯಲ್ಲವ್ವ ಕೋಂ ಬಸಪ್ಪ' ಅಂದ್ರೆ ಬಸಪ್ಪನ ಹೆಂಡತಿ ಯಲ್ಲವ್ವ. 'ಅ.ಪಾ.ಕ. ತಾಯಿ' ಅಂತ ಇದ್ದರೆ ಮಗ ಇನ್ನೂ ಚಿಕ್ಕವನು, ತಾಯಿ ಅವನ ಪರವಾಗಿ ನಿಂತಿದ್ದಾಳೆ.

ಇಲ್ಲೊಂದು ವಿಷಯ ಗಮನಿಸ್ರಿ. ಹಳೆಯ ಕಾಗದದಲ್ಲಿ ಹೆಂಗಸಿನ ಹೆಸರು ಸಾಮಾನ್ಯವಾಗಿ ಮೊದಲ ಸಲ ಬರುವುದೇ ಗಂಡ ಸತ್ತಾಗ. ಅವನಿಗಿಂತ ಮೊದಲೇ ಆಕೆ ಹೋಗಿಬಿಟ್ಟಿದ್ದರೆ ಅಷ್ಟೂ ಇಲ್ಲ.

ಹೊಲ ಇಲ್ಲದವರು ಊರಿನ ಹಳೆಯ ಸರಕಾರಿ ಶಾಲೆಯ ದಾಖಲಾತಿ ರಜಿಸ್ಟರ್ ಕೇಳಬೇಕು. ಹುಡುಗನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹುಟ್ಟಿದ ತಾರೀಖು ಅಲ್ಲಿರುತ್ತವೆ. ಅಡ್ಡಹೆಸರೇ ಒಂದು ಊರಿನ ಹೆಸರಾಗಿದ್ದರೆ ಹಿರಿಯರು ಬಿಟ್ಟುಬಂದ ಊರು ಅದೇ ಇರಬಹುದು. ಕ್ರಿಶ್ಚಿಯನ್ ಮನೆತನಗಳಿಗೆ ಚರ್ಚಿನ ದೀಕ್ಷಾಸ್ನಾನ ಮತ್ತು ಮದುವೆ ರಜಿಸ್ಟರ್‌ಗಳಿವೆ. ಬಾಸೆಲ್ ಮಿಷನ್ 1839ರಲ್ಲೇ ಹುಬ್ಬಳ್ಳಿಗೆ ಬಂದಿತ್ತು.

ಹೆಳವರು

ಕಾಗದ ಮುಗಿದ ಮೇಲೆ ಹೆಳವರು. ಎತ್ತಿನ ಮೇಲೆ ಗಂಟೆ ಬಾರಿಸುತ್ತ ಕೆಲವು ವರ್ಷಕ್ಕೊಮ್ಮೆ ಊರಿಗೆ ಬಂದು, ತಮ್ಮ ಒಕ್ಕಲು ಮನೆಗಳ ವಂಶಾವಳಿ ಹೇಳಿ, ಕಾಳುಕಡಿ, ರೊಕ್ಕ, ಬಟ್ಟೆ ಪಡೆಯುವುದು ಇವರ ಕುಲಕಸುಬು. ಮೂಲ ಊರು ಯಾವುದು, ಅಲ್ಲಿಂದ ಎಲ್ಲಿಗೆ ಬಂದರು, ಬಳ್ಳಿ ಎಷ್ಟು ಕವಲಾಯ್ತು ಎಲ್ಲಾ ಹೇಳ್ತಾರೆ, ಪುಸ್ತಕದಲ್ಲೂ ಬರೆದಿಡ್ತಾರೆ. ನಿಮ್ಮ ಮನೆತನದ ಹೆಳವರು ಯಾವ ಊರವರು ಅಂತ ಊರಲ್ಲಿರೋ ದೊಡ್ಡಪ್ಪನನ್ನ ಕೇಳ್ರಿ. ಅವರು ಹೇಳಿದ್ದನ್ನ ಉತಾರದ ಜೊತೆ ಹೋಲಿಸಿ ನೋಡ್ರಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿ ಇರುವುದರಿಂದ ಇಬ್ಬರು ಬಸಪ್ಪಂದಿರು ಒಬ್ಬರೇ ಆಗಿಬಿಡುವ ಅಪಾಯ ಇದೆ.

ಅಜ್ಜಿಯ ಬಳ್ಳಿ

ಉತಾರ ಹೊಲದ ಹಿಂದೆ ಹೋಗುತ್ತದೆ, ಹೊಲ ಅಪ್ಪನಿಂದ ಮಗನಿಗೆ ಹೋಗುತ್ತಿತ್ತು. ಹೆಳವರ ಬಳ್ಳಿಯೂ ಮನೆತನದ ಹೆಸರು ಹಿಡಿದೇ ನಡೆಯುವುದು. ಮಗಳಿಗೂ ಮಗನಷ್ಟೇ ಪಾಲು ಅನ್ನೋ ಕಾನೂನು ಕರ್ನಾಟಕದಲ್ಲಿ ಬಂದಿದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಅದಕ್ಕೂ ಮೊದಲಿನ ಹೆಣ್ಣುಮಕ್ಕಳನ್ನು ಎಲ್ಲಿ ಹುಡುಕೋದು? ಐರ್ಲೆಂಡ್‌ನ ಹಾಗೆ ವಧುವಿನ ತಂದೆಯ ಹೆಸರು ಬರೆದಿಟ್ಟ ಮದುವೆ ರಜಿಸ್ಟರ್ ನಮ್ಮ ಹೆಚ್ಚಿನ ಹಳ್ಳಿಮನೆಗಳಿಗೆ ಇಲ್ಲ. ಇರೋದು ಟ್ರಂಕಿನಲ್ಲಿಟ್ಟ ಹಳೆಯ ಲಗ್ನಪತ್ರಿಕೆ, ಆಯೇರಿ ಬರೆದಿಟ್ಟ ನೋಟ್‌ಬುಕ್, ಮತ್ತು ಅಜ್ಜಿಯ ನೆನಪು. ಮೊದಲೆರಡು ಇನ್ನೂ ಹತ್ತು ವರ್ಷ ಬಿಟ್ಟರೂ ಸಿಗಬಹುದು. ಮೂರನೆಯದಕ್ಕೆ ಗ್ಯಾರಂಟಿ ಇಲ್ಲ.

ಆದ್ದರಿಂದ ಹುಡುಕಾಟದ ಕ್ರಮ ತಿರುಗಿಸ್ರಿ. ಕಚೇರಿಗೆ ಆಮೇಲೆ ಹೋಗ್ರಿ. ಈ ಸಲ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಅಜ್ಜಿಗೆ ನಾಲ್ಕು ಪ್ರಶ್ನೆ ಕೇಳಿ ಬರೆದುಕೊಳ್ರಿ: ನಿನ್ನ ತವರು ಯಾವುದು? ಲಗ್ನಕ್ಕಿಂತ ಮೊದಲು ನಿನ್ನ ಹೆಸರೇನಿತ್ತು? ನಿಮ್ಮವ್ವನ ಹೆಸರೇನು? ಆಕೆಯ ತವರು ಯಾವುದು? ಉತ್ತರದ ಕೆಳಗೆ ತಾರೀಖು ಹಾಕ್ರಿ. ಈ ಬಳ್ಳಿಯ ಮೊದಲ ದಾಖಲೆ ಅದೇ ಆಗ್ತದ.